ಹಸಿದ ವೈರಿಗೆ ಅನ್ನ: ಒಂದು ಆಜ್ಞೆ ನಡೆದು ಬಂದ ದಾರಿ

“ನಿಮ್ಮ ವೈರಿಗಳನ್ನು ಪ್ರೀತಿಸಿರಿ” ಎಂಬ ಯೇಸುವಿನ ಮಾತು ಕೆಲವರಿಗೆ ಯುದ್ಧವನ್ನು ವಿರೋಧಿಸಲು ಆಧಾರ, ಕೆಲವರಿಗೆ ಏಕಾಂತದ ಪ್ರಾರ್ಥನೆಯಲ್ಲಿ ಪಾಲಿಸಬೇಕಾದ ವ್ರತ. ಪೆಟ್ಟು ತಿಂದವರಿಗೆ ‘ಕ್ಷಮಿಸಿ ಸುಮ್ಮನಿರಿ’ ಎಂದು ಹೇಳಲು ಅದನ್ನೇ ಬಳಸುವವರೂ ಇದ್ದಾರೆ. ಈ ಗೋಜಲು ಬಿಡಿಸಬೇಕಾದರೆ ಆ ಮಾತು ಮೊದಲಿಗೆ ಏನನ್ನು ಕೇಳಿತ್ತು ಎಂಬಲ್ಲಿಂದಲೇ ಹೊರಡಬೇಕು.

ಆಜ್ಞೆಯು ಮತ್ತಾಯನ ಸುವಾರ್ತೆಯ 5ನೆಯ ಮತ್ತು ಲೂಕನ ಸುವಾರ್ತೆಯ 6ನೆಯ ಅಧ್ಯಾಯಗಳಲ್ಲಿದೆ. ಲೂಕನಲ್ಲಿ ‘ಪ್ರೀತಿಸಿರಿ’ ಎಂದ ಬೆನ್ನಿಗೇ ಮೂರು ಕೆಲಸಗಳು ಬರುತ್ತವೆ: ದ್ವೇಷಿಸುವವರಿಗೆ ಉಪಕಾರ ಮಾಡುವುದು, ಶಪಿಸುವವರನ್ನು ಹರಸುವುದು, ಬಯ್ಯುವವರಿಗಾಗಿ ಪ್ರಾರ್ಥಿಸುವುದು. ವೈರಿಯ ಮೇಲೆ ಅಕ್ಕರೆ ಉಕ್ಕಬೇಕೆಂದು ಅಲ್ಲಿ ಹೇಳಿಲ್ಲ. ಇದಕ್ಕೆ ಯೆಹೂದ್ಯ ಪರಂಪರೆಯಲ್ಲಿಯೇ ಬೇರುಗಳಿವೆ. ದಾರಿ ತಪ್ಪಿದ ವೈರಿಯ ಎತ್ತನ್ನೋ ಕತ್ತೆಯನ್ನೋ ಅವನಿಗೆ ತಲುಪಿಸಬೇಕೆಂದು ವಿಮೋಚನಕಾಂಡವೂ, ಹಸಿದ ವೈರಿಗೆ ಊಟವಿಡಬೇಕೆಂದು ಜ್ಞಾನೋಕ್ತಿಗಳೂ ಹೇಳಿದ್ದವು. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಉದ್ಧರಿಸಿದ್ದು ಈ ಎರಡನೆಯ ಮಾತನ್ನೇ. ಮತ್ತಾಯನಲ್ಲಿ ಹಿಂದಿನವರ ಮಾತೆಂದು ಉಲ್ಲೇಖವಾಗುವ ‘ವೈರಿಯನ್ನು ದ್ವೇಷಿಸು’ ಎಂಬ ವಿಧಿಯಾದರೋ ಹಳೆಯ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಬೋಧನೆಗಳಲ್ಲಿ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು.

ಮೊದಲ ಮೂರು ಶತಮಾನಗಳ ಕ್ರೈಸ್ತರ ಕೈಯಲ್ಲಿ ಅಧಿಕಾರವಿರಲಿಲ್ಲ; ವೈರಿ ಎಂದರೆ ಬಾಗಿಲು ಬಡಿಯುವ ಸೈನಿಕ. 313ರಲ್ಲಿ ಅವರ ಧರ್ಮಕ್ಕೆ ಸ್ವಾತಂತ್ರ್ಯ ಸಿಕ್ಕಿತು, 380ರಲ್ಲಿ ಅದು ರೋಮನ್ ಸಾಮ್ರಾಜ್ಯದ ಧರ್ಮವಾಯಿತು, ಸೈನಿಕನೂ ಕ್ರೈಸ್ತನಾದನು. ಈ ಹೊಸ ಇಕ್ಕಟ್ಟಿಗೆ ಉತ್ತರವಾಗಿ ಬಿಷಪ್ ಅಗಸ್ಟೀನನು, ಸುಮಾರು 412ರಲ್ಲಿ ಮಾರ್ಸೆಲಿನಸ್ ಎಂಬ ಅಧಿಕಾರಿಗೆ ಬರೆದ ಪತ್ರದಲ್ಲಿ, ಇಂತಹ ಆಜ್ಞೆಗಳು ಹೊರಗಿನ ಕ್ರಿಯೆಗಿಂತ ಒಳಗಿನ ಮನಸ್ಸಿನ ಸಿದ್ಧತೆಗೆ ಸಂಬಂಧಿಸಿದವು ಎಂದನು. ಆತನು ಅದನ್ನು ಕ್ರೌರ್ಯಕ್ಕೆ ನೆಪವಾಗಿಸಲಿಲ್ಲ. ತನ್ನ ಪಾದ್ರಿಗಳ ಮೇಲೆ ಕೈಮಾಡಿದವರಿಗೆ ಮರಣದಂಡನೆ ವಿಧಿಸಬಾರದೆಂದು ಅದೇ ಅಧಿಕಾರಿಯನ್ನು ಬೇಡಿಕೊಂಡಿದ್ದನು. ಆದರೂ ಆಜ್ಞೆ ಕೈಯಿಂದ ಮನಸ್ಸಿಗೆ ಸರಿದದ್ದು ಇಲ್ಲಿಂದ. ಮುಂದಿನ ಸಾವಿರ ವರ್ಷಗಳಲ್ಲಿ ಧರ್ಮಯುದ್ಧಗಳೂ ನಡೆದವು, 1219ರಲ್ಲಿ ಅಸಿಸಿಯ ಫ್ರಾನ್ಸಿಸನು ನಿರಾಯುಧನಾಗಿ ಈಜಿಪ್ಟಿನ ಸುಲ್ತಾನನ ಪಾಳೆಯಕ್ಕೂ ಹೋಗಿಬಂದನು.

ಆ ಆಜ್ಞೆಯನ್ನು ಮತ್ತೆ ಕೈಗೆ ತಂದವರು 16ನೆಯ ಶತಮಾನದ ಅನಾಬ್ಯಾಪ್ಟಿಸ್ಟರು. ತಿಳಿವಳಿಕೆ ಬಂದವರಿಗಷ್ಟೇ ದೀಕ್ಷಾಸ್ನಾನ ಎಂದು ನಂಬಿದ್ದ ಇವರು 1525ರ ಜನವರಿಯಲ್ಲಿ ಜೂರಿಕ್ ನಗರದಲ್ಲಿ ಮೊದಲ ಬಾರಿಗೆ ವಯಸ್ಕರಿಗೆ ದೀಕ್ಷೆಯಿತ್ತರು. ಎರಡು ವರ್ಷಗಳೊಳಗೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಅಲ್ಲಿನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಆಡಳಿತಗಳೆರಡೂ ಇವರನ್ನು ಬೇಟೆಯಾಡಿದವು. 1527ರ ಫೆಬ್ರವರಿಯಲ್ಲಿ ಶ್ಲೈಟ್‌ಹೈಮ್ ಎಂಬಲ್ಲಿ ಸೇರಿದವರು ಕತ್ತಿ ಹಿಡಿಯುವುದಿಲ್ಲವೆಂದು ಬರೆದುಕೊಂಡರು. ಎಲ್ಲರೂ ಅದಕ್ಕೆ ಬದ್ಧರಾಗಿರಲಿಲ್ಲ. 1534ರಲ್ಲಿ ಮ್ಯೂನ್‌ಸ್ಟರ್ ನಗರವನ್ನು ವಶಪಡಿಸಿಕೊಂಡ ಅನಾಬ್ಯಾಪ್ಟಿಸ್ಟರು ಬಲಪ್ರಯೋಗಕ್ಕಿಳಿದರು, ಆ ಕಹಿಯ ನಂತರ ಡಚ್ ಬೋಧಕ ಮೆನ್ನೊ ಸಿಮನ್ಸ್‌ನ ಅನುಯಾಯಿಗಳು ಅಹಿಂಸೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ನೆದರ್‌ಲ್ಯಾಂಡ್ಸ್‌ನ ಆಸ್ಪೆರೆನ್ ಊರಿನ ಡಿರ್ಕ್ ವಿಲೆಮ್ಸ್ ಅಂಥವರಲ್ಲೊಬ್ಬ. ತನ್ನ ಮನೆಯಲ್ಲಿ ದೀಕ್ಷಾಸ್ನಾನಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ ಸೆರೆಯಾಗಿದ್ದ ಆತನು ತಪ್ಪಿಸಿಕೊಂಡು, ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿ ಆಚೆ ದಡ ಮುಟ್ಟಿದನು. ಬೆನ್ನಟ್ಟಿ ಬಂದವನ ಕಾಲಡಿಯ ಮಂಜುಗಡ್ಡೆ ಒಡೆಯಿತು. ಡಿರ್ಕ್ ಹಿಂದಿರುಗಿ ಅವನನ್ನು ಮೇಲಕ್ಕೆಳೆದನು. ಬದುಕಿದವನಿಗೆ ಆತನನ್ನು ಬಿಟ್ಟುಬಿಡುವ ಮನಸ್ಸಿತ್ತು, ಆದರೆ ದಡದಲ್ಲಿದ್ದ ನಗರಾಧಿಕಾರಿ ಕರ್ತವ್ಯದ ಪ್ರಮಾಣವನ್ನು ನೆನಪಿಸಿದನು. 1569ರ ಮೇ 16ರಂದು ಡಿರ್ಕ್‌ನನ್ನು ಸುಡಲಾಯಿತು. ಮುಳುಗುತ್ತಿದ್ದವನ ಬಗ್ಗೆ ಆ ಕ್ಷಣದಲ್ಲಿ ಆತನಿಗೆ ಏನನ್ನಿಸಿತೋ ಯಾರೂ ದಾಖಲಿಸಿಲ್ಲ. ಚಾಚಿದ ಕೈಯಷ್ಟೇ ದಾಖಲೆಯಲ್ಲಿದೆ.

ಇದೇ ಪರಂಪರೆಯಿಂದ ಬಂದ ಪೆನ್ಸಿಲ್ವೇನಿಯಾದ ಆಮಿಶ್ ಜನರು, 2006ರ ಅಕ್ಟೋಬರ್ 2ರಂದು ನಿಕಲ್ ಮೈನ್ಸ್ ಶಾಲೆಯಲ್ಲಿ ತಮ್ಮ ಐದು ಹೆಣ್ಣುಮಕ್ಕಳನ್ನು ಬಲಿತೆಗೆದುಕೊಂಡ ಗುಂಡಿನ ದಾಳಿಯ ನಂತರ, ಹಂತಕನ ಕುಟುಂಬವನ್ನು ಸಂತೈಸಲು ಹೋದರು. ಅವನ ಅಂತ್ಯಕ್ರಿಯೆಯಲ್ಲಿಯೂ ನಿಂತರು. ಅದಕ್ಕೂ ಅರ್ಧ ಶತಮಾನ ಹಿಂದೆ, 1957ರ ನವೆಂಬರ್‌ನಲ್ಲಿ, ಮನೆಗೆ ಬಾಂಬ್ ಬಿದ್ದಿದ್ದ ಮಾರ್ಟಿನ್ ಲೂಥರ್ ಕಿಂಗ್ ಮಾಂಟ್‌ಗೊಮರಿಯ ತಮ್ಮ ಸಭೆಯಲ್ಲಿ ಈ ವಾಕ್ಯದ ಮೇಲೆಯೇ ಬೋಧಿಸಿದರು: ವೈರಿ ಇಷ್ಟವಾಗಬೇಕಿಲ್ಲ, ಅವನನ್ನು ಸೋಲಿಸುವ ಅವಕಾಶ ಬಂದಾಗ ಹಾಗೆ ಮಾಡದಿರುವುದೇ ಪ್ರೀತಿ. ಆದರೆ ವರ್ಣಭೇದದ ವಿರುದ್ಧ ಅದಕ್ಕೂ ಮೊದಲು ನಡೆಸಿದ್ದ ಬಸ್ಸುಗಳ ಬಹಿಷ್ಕಾರವನ್ನು ಅವರು 381 ದಿನ ಸಡಿಲಿಸಿರಲಿಲ್ಲ.

ಇಂದಿನ ಗೋಜಲು ಹೆಚ್ಚಾಗಿ ಇಲ್ಲಿಯೇ ಇದೆ. ಆಜ್ಞೆ ಬರಿಯ ಭಾವನೆಯಾದಾಗ, ಬಲವಿದ್ದವನು ಏನನ್ನೂ ಬಿಟ್ಟುಕೊಡದೆ ತಾನು ಪ್ರೀತಿಸುತ್ತೇನೆಂದು ಹೇಳಬಹುದು. ಮನೆಯಲ್ಲಿ ಹೊಡೆತ ತಿಂದವಳಿಗೆ ಮಾತ್ರ ದೂರು ಕೊಡದಂತೆ ಬುದ್ಧಿವಾದ ಬರುತ್ತದೆ. ಮೂಲದಲ್ಲಿ ಇಂತಹ ಮೌನಕ್ಕೆ ಆಧಾರ ಸಿಗುವುದು ಕಷ್ಟ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ, ವಿಚಾರಣೆಯಿಲ್ಲದೆ ಚಡಿಯೇಟು ತಿಂದು ಫಿಲಿಪ್ಪಿಯ ಸೆರೆಯಲ್ಲಿದ್ದ ಪೌಲನು, ಭೂಕಂಪದಲ್ಲಿ ಬಾಗಿಲು ತೆರೆದುಕೊಂಡ ರಾತ್ರಿ ಓಡಿಹೋಗದೆ, ಹೆದರಿ ಪ್ರಾಣ ಕಳೆದುಕೊಳ್ಳಲು ಕತ್ತಿ ಹಿರಿದ ಸೆರೆಯ ಯಜಮಾನನನ್ನು ಕೂಗಿ ತಡೆಯುತ್ತಾನೆ. ಬೆಳಗಾದ ಮೇಲೆ ಗುಟ್ಟಾಗಿ ಬಿಟ್ಟುಕಳುಹಿಸಲು ನೋಡಿದ ಅಧಿಕಾರಿಗಳಿಗೆ ಅದೇ ಪೌಲನು, ಅವರೇ ಬಂದು ತಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಹೇಳಿ ಕಳುಹಿಸುತ್ತಾನೆ, ಮತ್ತು ಅವರು ಬರುತ್ತಾರೆ.