ಒಂದು ಬಣದಲ್ಲಿ 60, ಇನ್ನೊಂದರಲ್ಲಿ 40: ಸರ್ವರ್ ಸರಿದೂಗಿಸುವುದು ಹೇಗೆ?

ಓದುಗರ ಪ್ರಶ್ನೆ: ನಾವು ಕೆಲವರು ಸೇರಿ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟದ ಒಂದು ಸಣ್ಣ ಸರ್ವರ್ ನಡೆಸುತ್ತಿದ್ದೇವೆ. ಎರಡು ಬಣಗಳಿವೆ. ಶುರುವಿನಲ್ಲಿ ಸಮಸಮ ಇದ್ದದ್ದು ಈಗ ರಾತ್ರಿ ಹೊತ್ತು 60–40 ಆಗಿದೆ. ಚಿಕ್ಕ ಬಣದ ಬಲ ಹೆಚ್ಚಿಸಿದರೆ ದೊಡ್ಡವರು ಅನ್ಯಾಯ ಅನ್ನುತ್ತಾರೆ. ಸುಮ್ಮನಿದ್ದರೆ ಚಿಕ್ಕ ಬಣದವರು ಲಾಗಿನ್ ಆಗುವುದನ್ನೇ ಬಿಡುತ್ತಾರೆ. ಏನು ಮಾಡಬೇಕು?

ಉತ್ತರ: ಬಲಕ್ಕೆ ಕೈ ಹಾಕಬೇಡಿ. ಕೈ ಹಾಕಬೇಕಾದದ್ದು ಒಂದು ಕದನದೊಳಗೆ ಎಷ್ಟು ಜನ ಬರಬಹುದು ಅನ್ನುವ ಲೆಕ್ಕಕ್ಕೆ.

60–40 ಅಂದರೆ ಅಂತರ ದೊಡ್ಡದಲ್ಲ ಅನಿಸುತ್ತದೆ. ಬಯಲಲ್ಲಿ ಎದುರಾದಾಗ ಹಾಗಲ್ಲ. ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ ಮೊದಲನೇ ಮಹಾಯುದ್ಧದ ಕಾಲದಲ್ಲಿ ಕೊಟ್ಟ ಸೂತ್ರ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಎಲ್ಲರೂ ಎಲ್ಲರಿಗೂ ಹೊಡೆಯಬಲ್ಲ ಕಡೆ ಗುಂಪಿನ ಬಲ ಸಂಖ್ಯೆಯ ವರ್ಗದಷ್ಟಿರುತ್ತದೆ. 60ರ ವರ್ಗ 3600, 40ರ ವರ್ಗ 1600. ಕಳೆದರೆ 2000, ಅದರ ವರ್ಗಮೂಲ ಸುಮಾರು 45. ಅಂದರೆ ಎಲ್ಲರೂ ಸಮಾನ ನುರಿತವರಾಗಿದ್ದರೂ 40 ಜನ ಪೂರ್ತಿ ಸಾಯುವ ಹೊತ್ತಿಗೆ ಆ ಕಡೆ 45 ಜನ ನಿಂತೇ ಇರುತ್ತಾರೆ. ಅವರಿಗೆ ಅದು ಗುಂಪಲ್ಲಿ ಗೋವಿಂದ, ಇವರಿಗೆ ಪ್ರತಿ ರಾತ್ರಿಯ ಸೋಲು. ಸೋತು ಬೇಸತ್ತ ಹತ್ತು ಜನ ಬಿಟ್ಟರೆ 60–30. ಆಗ ಉಳಿಯುವವರ ಸಂಖ್ಯೆ 52. ಈ ಜಾರು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಏಟಿನ ನಿಯಮವೂ ಇದನ್ನು ಹೆಚ್ಚಿಸುತ್ತದೆ. ಗಿಲ್ಡ್ ವಾರ್ಸ್ 2 ಎಂಬ ಆನ್‌ಲೈನ್ ಆಟದಲ್ಲಿ ಒಂದು ಪ್ರದೇಶದ ಮೇಲೆ ಬೀಳುವ ಹೆಚ್ಚಿನ ಏಟುಗಳು ಗರಿಷ್ಠ 5 ಜನರಿಗಷ್ಟೇ ತಾಗುತ್ತವೆ. 10 ಜನರ ಗುಂಪಿನಲ್ಲಿ ಅರ್ಧ ಮಂದಿಗೆ ಪೆಟ್ಟು, 50 ಜನರ ಗುಂಪಿನಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ. ನಿಮ್ಮ ಆಟದಲ್ಲೂ ಇಂಥ ಮಿತಿ ಇದ್ದು ಅದನ್ನು ಬದಲಿಸಲು ಸಾಧ್ಯವಿದ್ದರೆ ಮೊದಲು ಅದನ್ನು ಏರಿಸಿ. ಒತ್ತೊತ್ತಾಗಿ ನಿಲ್ಲುವ ಗುಂಪಿಗೆ ಸ್ವಲ್ಪ ಭಯವಿರಬೇಕು.

ಈಗ ಎಣಿಕೆ. ನೋಂದಾಯಿತ ಪಾತ್ರಗಳ ಸಂಖ್ಯೆಯನ್ನು ನಂಬಬೇಡಿ; ಒಬ್ಬರಿಗೇ ನಾಲ್ಕೈದು ಪಾತ್ರಗಳಿರುತ್ತವೆ, ಅರ್ಧ ನಿದ್ದೆ ಮಾಡುತ್ತಿರುತ್ತವೆ. ಗರಿಷ್ಠ ಲೆವೆಲ್ ಮುಟ್ಟಿದವರಲ್ಲಿ ಕದನದ ಜಾಗದಲ್ಲಿ ನಿಜವಾಗಿ ಇದ್ದವರನ್ನು 15 ನಿಮಿಷಕ್ಕೊಮ್ಮೆ, ಎರಡು ವಾರ ಬರೆದಿಡಿ. ಗಂಟೆವಾರು ಬೇರೆ ಮಾಡಿ ನೋಡಿ. ದಿನದ ಸರಾಸರಿ 50–50 ಇದ್ದು, ರಾತ್ರಿ 9ಕ್ಕೆ 60–40, ಬೆಳಗಿನ ಜಾವ 20–80 ಇರುವುದು ಅಪರೂಪವಲ್ಲ.

ಬಣದ ವಿಶೇಷ ಶಕ್ತಿಗಳಲ್ಲೇ ದೋಷವಿದೆಯೇ ಎಂಬುದನ್ನೂ ಬೇರೆಯಾಗಿ ನೋಡಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ 2004ರಲ್ಲಿ ಬಂದಾಗ ಪ್ಯಾಲಡಿನ್ ಎಂಬ ಪಾತ್ರವಿಧ ಅಲಯನ್ಸ್ ಬಣಕ್ಕೆ ಮಾತ್ರ, ಶಾಮನ್ ಎಂಬುದು ಹೋರ್ಡ್ ಬಣಕ್ಕೆ ಮಾತ್ರ ಇತ್ತು. ಎರಡನ್ನೂ ತೂಗಿ ತೂಗಿ ಸಾಕಾಗಿ 2007ರ ವಿಸ್ತರಣೆಯಲ್ಲಿ ಎರಡೂ ಬಣಕ್ಕೆ ಎರಡನ್ನೂ ಕೊಟ್ಟರು. ನಿಮ್ಮಲ್ಲಿ ಪರೀಕ್ಷೆ ಸುಲಭ: ಸಮ ಸಂಖ್ಯೆಯ ಪಂದ್ಯಗಳ ಫಲಿತಾಂಶವನ್ನಷ್ಟೇ ತೆಗೆದುಕೊಳ್ಳಿ. 100 ಪಂದ್ಯಗಳಲ್ಲಿ ಒಂದು ಬಣ 40ರಿಂದ 60ರವರೆಗೆ ಗೆದ್ದರೆ ಅದು ಬರೀ ಅದೃಷ್ಟವೂ ಆಗಿರಬಹುದು, ಏನನ್ನೂ ಮುಟ್ಟಬೇಡಿ. 65 ದಾಟಿದರೆ ಶಕ್ತಿಗಳನ್ನೋ ಮ್ಯಾಪನ್ನೋ ತಿದ್ದಿ. 30 ಪಂದ್ಯ ನೋಡಿ ತೀರ್ಮಾನಿಸುವ ಆತುರ ಬೇಡ.

ಚಿಕ್ಕ ಬಣಕ್ಕೆ ಬಫ್, ಅಂದರೆ ತಾತ್ಕಾಲಿಕವಾಗಿ ಹೆಚ್ಚಿನ ಬಲ, ಕೊಟ್ಟರೆ ಏಕೆ ಕೆಡುತ್ತದೆ? ವಾರ್‌ಕ್ರಾಫ್ಟ್‌ನ ವಿಂಟರ್‌ಗ್ರಾಸ್ಪ್ ಕಣದಲ್ಲಿ ಟೆನಾಸಿಟಿ ಎಂಬ ಬಫ್ ಇತ್ತು. ಕಡಿಮೆ ಜನರಿರುವ ಕಡೆಯವರಿಗೆ ಪ್ರಾಣಬಲವೂ ಏಟೂ ಏರುತ್ತಿತ್ತು. ಮೇಲಿನ ಲೆಕ್ಕದಲ್ಲೇ ನೋಡಿ: 40 ಜನ 60ಕ್ಕೆ ಸಮವಾಗಲು ಪ್ರಾಣಬಲ ಒಂದೂವರೆ ಪಟ್ಟು, ಏಟು ಒಂದೂವರೆ ಪಟ್ಟು ಬೇಕು. 30ರ ಎದುರು 10 ಜನರಿದ್ದರೆ ಎರಡೂ ಮೂರು ಪಟ್ಟು. ಈಗ ಆ ಹತ್ತರಲ್ಲಿ ಒಬ್ಬ ದಾರಿಯಲ್ಲಿ ಒಂಟಿ ಎದುರಾಳಿಗೆ ಸಿಕ್ಕರೆ ಎದುರಾಳಿಗೆ ಬದುಕುವ ದಾರಿಯೇ ಇಲ್ಲ. ಅವನ ದೂರು ನ್ಯಾಯವಾದದ್ದೇ. ಇತ್ತ ಮೂರು ಕೋಟೆಗಳನ್ನು ಒಟ್ಟಿಗೆ ಕಾಯಬೇಕಾದಾಗ ಎಷ್ಟೇ ಬಲವಿದ್ದರೂ ಒಬ್ಬ ಮನುಷ್ಯ ಮೂರು ಕಡೆ ನಿಲ್ಲಲಾರ. ಎರಡೂ ಕಡೆಯವರಿಗೆ ಸಿಟ್ಟು ಬರಿಸುವ ಪರಿಹಾರ ಇದು.

ಗಟ್ಟಿಯಾಗಿ ನಿಲ್ಲುವ ನಿಯಮ ಒಂದಕ್ಕೊಂದು ಪ್ರವೇಶ: ಚಿಕ್ಕ ಬಣದಿಂದ 40 ಜನ ಬಂದರೆ ದೊಡ್ಡ ಬಣದಿಂದಲೂ 40 ಜನರಿಗಷ್ಟೇ ಬಾಗಿಲು. ಮಿಕ್ಕ 20 ಜನ ಕ್ಯೂನಲ್ಲಿ. ಹೋದ ಸಲ ಹೊರಗುಳಿದವರಿಗೆ ಈ ಸಲ ಮೊದಲ ಅವಕಾಶ ಕೊಡಿ, ಇಲ್ಲದಿದ್ದರೆ ಬೇಗ ಕ್ಲಿಕ್ ಮಾಡುವ ಅದೇ ಜನ ದಿನಾ ಒಳಗಿರುತ್ತಾರೆ. ಕಾಯುವವರಿಗೆ ಎದುರು ಬಣದ ಪರ ಆಡುವ ಆಯ್ಕೆಯನ್ನೂ ಇಡಬಹುದು. ವಾರ್‌ಕ್ರಾಫ್ಟ್ 2015ರಲ್ಲಿ ಮರ್ಸಿನರಿ ಮೋಡ್ ಎಂದು ಇದನ್ನೇ ತಂದಿತು. ವೇಷ ಬದಲಿಸಿ ಆ ಕಡೆ ಸೇರಿ ಆಡಬಹುದು, ಪಾತ್ರದ ಬಣ ಬದಲಾಗುವುದಿಲ್ಲ.

ಸಂಖ್ಯೆ ಸಮವಾದ ಮೇಲೂ ಬಹುಮಾನದ ಲೆಕ್ಕ ತಪ್ಪಿದರೆ ಎಲ್ಲ ಹಾಳಾಗುತ್ತದೆ. 2010ರ ಕೊನೆಯಲ್ಲಿ ಬಂದ ವಾರ್‌ಕ್ರಾಫ್ಟ್‌ನ ಟೋಲ್ ಬರಾಡ್ ಕಣವನ್ನು ಹತ್ತಿರದಿಂದ ನೋಡಿ. ಅಲ್ಲಿ ಸಂಖ್ಯೆ ಸಮವೇ ಇತ್ತು. ಆದರೆ ದಾಳಿ ಮಾಡುವವರು ಮೂರು ನೆಲೆಗಳನ್ನೂ ಒಂದೇ ಹೊತ್ತಿಗೆ ಹಿಡಿದಿರಬೇಕು; ಕಾಯುವವರಿಗೆ ಒಂದು ಉಳಿದರೆ ಸಾಕು. ದಾಳಿಕೋರರು ಮೂರನೆಯದಕ್ಕೆ ಓಡುವಷ್ಟರಲ್ಲಿ ಕಾಯುವವರು ಬಿಟ್ಟುಹೋದ ಮೊದಲನೆಯದನ್ನು ಮತ್ತೆ ಹಿಡಿಯುತ್ತಿದ್ದರು. ಕಣ ಕೈ ಬದಲಾಗುವುದೇ ಕಷ್ಟವಾಯಿತು. ಇದಕ್ಕೆ ಮದ್ದೆಂದು ದಾಳಿಯಲ್ಲಿ ಗೆದ್ದವರಿಗೆ ಬಹುಮಾನವಾಗಿ ಸಿಗುವ ಹಾನರ್ ಅಂಕಗಳನ್ನು 1800ಕ್ಕೆ ಏರಿಸಿದರು. ಆಟಗಾರರು ಕೂಡಲೇ ಲೆಕ್ಕ ಹಾಕಿದರು: ಕಾದು ಉಳಿಸಿಕೊಳ್ಳುವುದಕ್ಕಿಂತ ಈ ಸಲ ಬಿಟ್ಟುಕೊಟ್ಟು ಮುಂದಿನ ಸಲ ಗೆದ್ದುಕೊಳ್ಳುವುದೇ ಲಾಭ. ಎರಡೂ ಬಣ ಸರದಿಯಂತೆ ಸೋಲತೊಡಗಿದವು, ಹೋರಾಟವೇ ನಿಂತಿತು. ಬಹುಮಾನವನ್ನು ಇಳಿಸಲೇಬೇಕಾಯಿತು. ದೋಷ ಇದ್ದದ್ದು ನೆಲೆಗಳ ನಿಯಮದಲ್ಲಿ, ಮದ್ದು ಹಚ್ಚಿದ್ದು ಹಣದ ಚೀಲಕ್ಕೆ.

ಆದ್ದರಿಂದ ನಿಮ್ಮಲ್ಲಿ ಗೆದ್ದವರಿಗೆ 100 ಸಿಕ್ಕರೆ ಸೋತವರಿಗೆ 60ರಿಂದ 70 ಕೊಡಿ. ಆದರೆ ಅದನ್ನು ಹಿಡಿದಿಟ್ಟ ನಿಮಿಷಗಳು, ಗಾಯ ಮಾಯಿಸಿದ್ದು, ಗೋಡೆ ಕಟ್ಟಿದ್ದು, ಇಂಥ ಕೆಲಸಕ್ಕೆ ಕಟ್ಟಿ. ಮೂಲೆಯಲ್ಲಿ ನಿಂತವರಿಗೆ ಏನೂ ಬೇಡ. ಚಿಕ್ಕ ಬಣಕ್ಕೆ ಹೆಚ್ಚುವರಿ ಕೊಡುವುದಾದರೆ ಅನುಭವ ಅಂಕ, ಚಿನ್ನ, ಕುದುರೆಯಂಥ ವಸ್ತುಗಳ ರೂಪದಲ್ಲಿರಲಿ, ಆಯುಧ ಬೇಡ. ವಾರ್‌ಕ್ರಾಫ್ಟ್ 2018ರಲ್ಲಿ ವಾರ್ ಮೋಡ್‌ಗೆ (ಎದುರು ಬಣದವರೊಂದಿಗೆ ಬಯಲಲ್ಲಿ ಕಾದಾಡಲು ಒಪ್ಪುವ ಆಯ್ಕೆಗೆ) ಶೇ 10ರ ಪ್ರೋತ್ಸಾಹ ಇಟ್ಟು, ಮುಂದೆ ಜನ ಕಡಿಮೆ ಇರುವ ಬಣಕ್ಕೆ ಅದನ್ನು ಶೇ 30ರವರೆಗೆ ಏರಿಸಿತು. ಇಂಥದ್ದು ಜನರನ್ನು ಕರೆತರುತ್ತದೆ, ಕದನದ ತೂಕ ಕೆಡಿಸುವುದಿಲ್ಲ.

ಹೊಸಬರ ವಿಷಯದಲ್ಲಿ ಬಾಗಿಲು ಹಾಕುವುದು ಅನಿವಾರ್ಯ. ಒಂದು ಬಣ ಶೇ 55 ಮುಟ್ಟಿದಾಗ ಹೊಸ ಪಾತ್ರಗಳಿಗೆ ಮುಚ್ಚಿ, 52ಕ್ಕೆ ಇಳಿದಾಗ ತೆರೆಯಿರಿ. ಎರಡಕ್ಕೂ ಒಂದೇ ಅಂಕಿ ಇಟ್ಟರೆ ಬಾಗಿಲು ಗಂಟೆಗೊಮ್ಮೆ ಬಡಿದುಕೊಳ್ಳುತ್ತದೆ. ಇಲ್ಲಿ ಹೆಚ್ಚಾಗಿ ಕೆಡುವುದು ಸ್ನೇಹಿತರ ವಿಷಯ: ಗೆಳೆಯ ಆ ಕಡೆ, ಇವನಿಗೆ ಈ ಕಡೆ ಮಾತ್ರ ಜಾಗ ಅಂದರೆ ಇಬ್ಬರೂ ಆಟ ಬಿಡುತ್ತಾರೆ. ಪ್ರತಿ ಹಳೆ ಆಟಗಾರರಿಗೆ ಒಂದೋ ಎರಡೋ ಆಹ್ವಾನ ಚೀಟಿ ಕೊಟ್ಟಿರಿ. ಬಣ ಬದಲಾವಣೆ ದೊಡ್ಡದರಿಂದ ಚಿಕ್ಕದಕ್ಕೆ ಮಾತ್ರ, ಉಚಿತವಾಗಿ, ಇಡೀ ಗಿಲ್ಡ್ (ಆಟಗಾರರು ಕಟ್ಟಿಕೊಂಡ ತಂಡ) ಒಟ್ಟಿಗೆ ಹೋಗುವಂತಿರಲಿ. ಹೋದವರು 90 ದಿನ ಹಿಂದಿರುಗುವಂತಿಲ್ಲ. 15 ಜನರ ಒಂದು ಚುರುಕಾದ ಗಿಲ್ಡ್ ದಾಟಿದರೆ 60–40 ಇದ್ದದ್ದು 45–55 ಆಗುತ್ತದೆ, ಅಂದರೆ ತಕ್ಕಡಿ ಆ ಕಡೆಗೇ ವಾಲುತ್ತದೆ. ಹತ್ತು ಜನರ ಗಿಲ್ಡನ್ನು ಕೇಳಿಕೊಳ್ಳಿ.

ಮೂರನೇ ಬಣ ಸೇರಿಸಿದರೆ ಹೇಗೆ ಎಂದೂ ಹಲವರು ಕೇಳುತ್ತಾರೆ. 2001ರ ಡಾರ್ಕ್ ಏಜ್ ಆಫ್ ಕ್ಯಾಮೆಲಾಟ್ ಮೂರು ರಾಜ್ಯಗಳೊಂದಿಗೆ ಇದನ್ನು ಚೆನ್ನಾಗಿ ತೋರಿಸಿತು: ಒಬ್ಬರು ಬಲಿತರೆ ಇಬ್ಬರು ಒಂದಾಗಬಹುದು. ಆದರೆ ಅಂಕ ಸುಲಭವಾಗಿ ಸಿಗುವುದು ದುರ್ಬಲರಿಂದಲೇ ಆದರೆ ಇಬ್ಬರೂ ಅವರ ಮೇಲೆಯೇ ಬೀಳುತ್ತಾರೆ. ಮುಂದಿರುವವರ ಕೋಟೆಗೆ ಹೆಚ್ಚು ಅಂಕ ಇಟ್ಟರೆ ಮಾತ್ರ ಇದು ನಡೆಯುತ್ತದೆ. ನೂರು ಜನರ ಸರ್ವರ್‌ಗೆ ನನ್ನ ಸಲಹೆ ಎರಡೇ ಬಣ. ಮೂರಾದರೆ ಪ್ರತಿ ಕೋಟೆಯೂ ಬಿಕೋ ಅನ್ನುತ್ತದೆ.

ಇನ್ನು ಹೊತ್ತಿನ ಸಮಸ್ಯೆ. ಬೆಂಗಳೂರಿನಲ್ಲಿ ಬೆಳಗ್ಗೆ 7 ಗಂಟೆ ಅಂದರೆ ಬೇಸಿಗೆಯಲ್ಲಿ ಜರ್ಮನಿಯಲ್ಲಿ ನಸುಕಿನ 3.30. ಯುರೋಪಿನ ಸರ್ವರ್‌ನಲ್ಲಿ ಆಡುವ ಇಲ್ಲಿನ ಇಪ್ಪತ್ತು ಜನ ಎಲ್ಲರೂ ಮಲಗಿರುವಾಗ ಇಡೀ ಮ್ಯಾಪ್ ಹಿಡಿಯಬಲ್ಲರು. ಅವರದು ತಪ್ಪಲ್ಲ, ಅವರಿಗೆ ಸಿಗುವ ಹೊತ್ತೇ ಅದು. ಗಿಲ್ಡ್ ವಾರ್ಸ್ 2 ಆಟವು ಒಂದು ವಾರದ ಕದನವನ್ನು ಎರಡೆರಡು ಗಂಟೆಯ 84 ತುಂಡುಗಳಾಗಿ ಒಡೆಯಿತು. ನಿದ್ದೆಯ ಹೊತ್ತಿನಲ್ಲಿ ಎಷ್ಟೇ ಅಂಕ ಗುಡ್ಡೆ ಹಾಕಿದರೂ ಅದು ಆ ತುಂಡಿನ ಗೆಲುವಷ್ಟೇ. ನೀವೂ ಹಾಗೇ ಒಡೆಯಿರಿ. ಎರಡೂ ಬಣದಿಂದ ತಲಾ 10 ಜನ ಇಲ್ಲದ ಹೊತ್ತಿನಲ್ಲಿ ಕೋಟೆಗಳ ಬಾಗಿಲು ಒಡೆಯಲು ಬೇಕಾಗುವ ಸಮಯವನ್ನು ಎರಡು ಪಟ್ಟು ಮಾಡಿ.

ಇವೆಲ್ಲವನ್ನೂ ಒಂದೇ ದಿನ ಜಾರಿಗೆ ತರಬೇಡಿ. ಮೊದಲು ಒಂದಕ್ಕೊಂದು ಪ್ರವೇಶ, ಎರಡು ವಾರ ಬಿಟ್ಟು ಬಹುಮಾನ, ಮತ್ತೆರಡು ವಾರಕ್ಕೆ ಗಿಲ್ಡ್ ವರ್ಗಾವಣೆ. ಪ್ರತಿ ಸಲವೂ ರಾತ್ರಿ 9ರ ಆ ಎಣಿಕೆಯ ಪಟ್ಟಿಯನ್ನು ಎರಡೂ ಬಣದ ಮುಂದಾಳುಗಳಿಗೆ ತೋರಿಸಿಯೇ ಮುಂದಿನ ಹೆಜ್ಜೆ ಇಡಿ.