ಸ್ಟೇಬಲ್, ಅನ್‌ಸ್ಟೇಬಲ್: ಹೆಸರು ಕೇಳಿ ಹೆದರಬೇಡಿ

ದಾವಣಗೆರೆಯಲ್ಲಿ ಗೆಳೆಯನ ಡಿಟಿಪಿ ಅಂಗಡಿ ಇದೆ. ಅಲ್ಲಿನ ಕಂಪ್ಯೂಟರ್‌ಗೆ ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟವನು ನಾನೇ. ಅದರಲ್ಲಿ ಸ್ಟೇಬಲ್, ಟೆಸ್ಟಿಂಗ್, ಅನ್‌ಸ್ಟೇಬಲ್ ಅಂತ ಮೂರು ಕವಲು. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಪ್ರೋಗ್ರಾಂ ಬಗ್ಗೆ ಗೆಳೆಯ ಮೊನ್ನೆ ಕೇಳಿದ: "ಇಂಕ್‌ಸ್ಕೇಪ್ ಹಳೇದೈತಲ್ಲೋ. ಅನ್‌ಸ್ಟೇಬಲ್‌ನಾಗೆ ಹೊಸದೈತಂತೆ. ಹಾಕ್ಕೊಂಡ್ರೆ ಪದೇ ಪದೇ ನಿಂತು ಹೋಗ್ತೈತಾ?"

ಹೆಸರು ಕೇಳಿದರೆ ಹಾಗನ್ನಿಸುವುದು ಸಹಜ. ಆದರೆ ಡೆಬಿಯನ್‌ನಲ್ಲಿ ಸ್ಟೇಬಲ್ ಅಂದರೆ ಬದಲಾಗದ್ದು, ಅಷ್ಟೇ. 2023ರ ಜೂನ್‌ನಲ್ಲಿ 12ನೇ ಆವೃತ್ತಿ ಬಂತು, 2025ರ ಆಗಸ್ಟ್‌ನಲ್ಲಿ 13. ನಡುವಿನ ಎರಡು ವರ್ಷ 12ಕ್ಕೆ ಬಂದದ್ದು ಹೆಚ್ಚಾಗಿ ಭದ್ರತೆಯ ತೇಪೆಗಳು, ದೊಡ್ಡ ತಪ್ಪುಗಳ ರಿಪೇರಿ. ಸಣ್ಣಪುಟ್ಟ ತಪ್ಪುಗಳೂ ಇದ್ದಲ್ಲೇ ಇದ್ದವು! ಅನ್‌ಸ್ಟೇಬಲ್ ಹಾಗಲ್ಲ, ದಿನಾ ಬದಲಾಗುತ್ತದೆ. ಹೊಸ ಪ್ಯಾಕೇಜ್ (ಹಾಕಿಕೊಳ್ಳಲು ಕಟ್ಟಿಟ್ಟ ಪ್ರೋಗ್ರಾಂ) ಮೊದಲು ಬರುವುದೇ ಅಲ್ಲಿಗೆ. ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ಟೆಸ್ಟಿಂಗ್‌ಗೆ ಹೋಗುತ್ತದೆ. ಮುಂದೆ ಸ್ಟೇಬಲ್ ಆಗುವುದು ಆ ಟೆಸ್ಟಿಂಗೇ. ಅನ್‌ಸ್ಟೇಬಲ್‌ಗೆ ಸಿಡ್ ಅಂತ ಇನ್ನೊಂದು ಹೆಸರಿದೆ, ಟಾಯ್ ಸ್ಟೋರಿಯಲ್ಲಿ ಆಟಿಕೆ ಮುರಿಯುವ ಹುಡುಗನದು. ದಿನಾ ಬದಲಾಗುವುದಕ್ಕೆ ಇಟ್ಟ ಈ ಹೆಸರು ಮಾತ್ರ ಯಾವತ್ತೂ ಬದಲಾಗಲ್ಲ.

ಸ್ಟೇಬಲ್‌ನಲ್ಲೇ ಇದ್ದುಕೊಂಡು ಒಂದೆರಡು ಪ್ಯಾಕೇಜ್ ಮಾತ್ರ ಸಿಡ್‌ನಿಂದ ತರಬಹುದು. ಇದಕ್ಕೆ ಪಿನ್ನಿಂಗ್ ಅನ್ನುತ್ತಾರೆ. ಪ್ಯಾಕೇಜ್ ತಂದು ಹಾಕುವ ಪ್ರೋಗ್ರಾಂ ಆಪ್ಟ್. ಅದು ಸ್ಟೇಬಲ್, ಸಿಡ್‌ನಂಥ ಪ್ರತಿ ಮೂಲಕ್ಕೂ ಅಂಕ ಕೊಡುತ್ತದೆ, ಮಾಮೂಲಿಗೆ 500. ಅಂಕ ಜಾಸ್ತಿ ಇದ್ದದ್ದಕ್ಕೆ ಆದ್ಯತೆ. ಸಿಡ್‌ಗೆ ನಾವೇ 100 ಅಂತ ಬರೆದಿಟ್ಟರೆ ಸ್ಟೇಬಲ್‌ನಲ್ಲಿ ಸಿಗುವುದನ್ನು ಅದು ಸಿಡ್‌ನಿಂದ ತಾನಾಗಿ ತರಲ್ಲ, ಹೇಳಿ ಕೇಳಿದರೆ ಮಾತ್ರ ತರುತ್ತದೆ.

ಅಂಗಡಿಯಲ್ಲೇ ಕೂತು ಹಾಗೆ ಮಾಡಿ ನೋಡಿದೆ. ಕೇಳಿದ್ದು ಇಂಕ್‌ಸ್ಕೇಪ್ ಒಂದೇ, ಅದರ ಜೊತೆ ಬದಲಾಗಬೇಕಾದ ಪ್ಯಾಕೇಜ್‌ಗಳ ಹೆಸರುಗಳು ಪರದೆ ತುಂಬಾ ಬಂದವು. ನಡುವೆ ಸಿ ಲೈಬ್ರರಿ ಕೂಡ ಇತ್ತು. ಅದು ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ನಿಂತಿರುವ ನೆಲ. ಒಂದು ಮಂಚಕ್ಕೋಸ್ಕರ ಮನೆಯ ಪಾಯ ಬದಲಿಸಿದ ಹಾಗೆ, ಅಲ್ವಾ? ಸುಮ್ನೆ ಬೇಡ ಅಂತ 'ಎನ್' ಒತ್ತಿದೆ.

"ಬೇಡಾದ್ರೆ ವಾಪಸ್ ಸ್ಟೇಬಲ್‌ಗೆ ಬಂದ್ರಾತಪ್ಪ" ಅಂದ. ಸ್ಟೇಬಲ್‌ನ ಅಂಕವನ್ನು 1000ಕ್ಕಿಂತ ಜಾಸ್ತಿ ಮಾಡಿದರೆ ಆಪ್ಟ್ ಹಳೆಯ ಆವೃತ್ತಿಗೆ ಇಳಿಯುತ್ತದೆ, ನಿಜ. ಆದರೆ ಆ ಇಳಿಕೆಗೆ ಡೆಬಿಯನ್ ಜವಾಬ್ದಾರಿ ತೆಗೆದುಕೊಳ್ಳಲ್ಲ. ಹೊಸ ಪ್ಯಾಕೇಜ್ ಸೆಟ್ಟಿಂಗ್ ಫೈಲನ್ನೋ ಡೇಟಾಬೇಸನ್ನೋ ತನಗೆ ಬೇಕಾದಂತೆ ತಿದ್ದಿರಬಹುದು. ಅದನ್ನು ಮೊದಲಿನಂತೆ ಮಾಡುವುದು ಹಳೆಯದಕ್ಕೆ ಗೊತ್ತಿರಲ್ಲ. ನಮ್ಮೂರ ಭಟ್ಟಿಯಲ್ಲಿ ಅಕ್ಕಿ ಮಂಡಕ್ಕಿ ಆಗುತ್ತದೆ. ಮಂಡಕ್ಕಿಯನ್ನು ಅಕ್ಕಿ ಮಾಡುವ ಭಟ್ಟಿ ಇನ್ನೂ ಬಂದಿಲ್ಲ.

ಹೊಸದು ಬೇಕಾದಾಗ ನಾನು ಮೊದಲು ಹುಡುಕುವುದು ಬ್ಯಾಕ್‌ಪೋರ್ಟ್ಸ್‌ನಲ್ಲಿ. ಟೆಸ್ಟಿಂಗ್‌ನ ಕೆಲವು ಪ್ಯಾಕೇಜ್‌ಗಳನ್ನು ಸ್ಟೇಬಲ್‌ಗೆ ಹೊಂದುವಂತೆ ಮತ್ತೆ ಕಟ್ಟಿ ಅಲ್ಲಿ ಇಟ್ಟಿರುತ್ತಾರೆ. ಗೆಳೆಯನಿಗೆ ಅಷ್ಟು ತಾಳ್ಮೆ ಇರಲಿಲ್ಲ, ಡೆಬಿಯನ್ ಪ್ಯಾಕೇಜ್‌ಗಳನ್ನು ಮುಟ್ಟದೆ ಪ್ರೋಗ್ರಾಂ ಹಾಕುವ ಫ್ಲ್ಯಾಟ್‌ಪ್ಯಾಕ್‌ನಲ್ಲಿ ಇಂಕ್‌ಸ್ಕೇಪ್ ಹಾಕಿಕೊಟ್ಟೆ. ತನಗೆ ಬೇಕಾದ ಲೈಬ್ರರಿಗಳನ್ನು ಅದು ಬೇರೆಯೇ ಇಟ್ಟುಕೊಳ್ಳುತ್ತದೆ. ಡಿಸ್ಕ್ ಜಾಗ ಜಾಸ್ತಿ ತಿಂತು ಅಂತ ಈಗ ಗೊಣಗುತ್ತಿದ್ದಾನೆ.