ರೋಸಾ ಪಾರ್ಕ್ಸ್ ದಣಿದಿದ್ದರೆಂದು ಸೀಟು ಬಿಡಲಿಲ್ಲವೇ?

ಪ್ರಶ್ನೆ: ದಿನವಿಡೀ ಹೊಲಿಗೆ ಕೆಲಸ ಮಾಡಿ ದಣಿದಿದ್ದ ಮುದುಕಿಯೊಬ್ಬರು ಬಸ್ಸಿನಲ್ಲಿ ಬಿಳಿಯರ ಸೀಟಿನಿಂದ ಏಳಲಿಲ್ಲ, ಅಲ್ಲಿಂದಲೇ ಅಮೆರಿಕದ ಕಪ್ಪು ಜನರ ಹೋರಾಟ ಶುರುವಾಯಿತು ಎನ್ನುತ್ತಾರೆ. ನಿಜವೇ?

ಉತ್ತರ: ಇದಕ್ಕೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಶಾಲೆಗಳ ಭಾಷಣಗಳಲ್ಲಿ ಇದೇ ಕಥೆ ಮರಳಿ ಬರುತ್ತಿರುವುದರಿಂದ ಇನ್ನೊಮ್ಮೆ ವಿವರವಾಗಿ ಬರೆಯಬೇಕಾಗಿದೆ.

1955ರ ಡಿಸೆಂಬರ್ 1ರಂದು, ಅಲಬಾಮಾದ ಮಾಂಟ್ಗೊಮರಿಯಲ್ಲಿ ಬಂಧನಕ್ಕೊಳಗಾದಾಗ ರೋಸಾ ಪಾರ್ಕ್ಸ್ ಅವರ ವಯಸ್ಸು 42. ಅವರು ಕುಳಿತಿದ್ದುದು ಬಿಳಿಯರಿಗೆ ಮೀಸಲಾದ ಸೀಟಿನಲ್ಲಲ್ಲ, ಅದರ ಹಿಂದಿನ ಸಾಲಿನಲ್ಲಿ. ಮುಂದಿನ ಸೀಟುಗಳು ತುಂಬಿ ಒಬ್ಬ ಬಿಳಿಯ ನಿಂತಿದ್ದನ್ನು ಕಂಡ ಚಾಲಕ, ಆ ಸಾಲಿನ ನಾಲ್ವರೂ ಏಳಬೇಕೆಂದ. ಮೂವರು ಎದ್ದರು, ಪಾರ್ಕ್ಸ್ ಏಳಲಿಲ್ಲ. ದಿನದ ಕೆಲಸ ಮುಗಿಸಿದ ಯಾರಿಗೂ ಇರುವಷ್ಟೇ ಆಯಾಸ ತಮಗಿತ್ತು, ನಿಜವಾಗಿ ಸಾಕಾಗಿದ್ದುದು ಸದಾ ತಲೆಬಾಗುವುದು ಎಂದು ಅವರೇ ಆತ್ಮಕಥೆಯಲ್ಲಿ ಸ್ಪಷ್ಟಪಡಿಸಿದ್ದಾರೆ. ಅವರ ಮಾತು ಅಚ್ಚಾಗಿ ಇಷ್ಟು ವರ್ಷಗಳಾದ ಮೇಲೂ ದಣಿವಿನ ಕಥೆ ಸಾಯದಿರುವುದು ಬೇಸರದ ಸಂಗತಿ.

ಆ ಕಥೆಯಿಂದ ಆಗುವ ಹಾನಿ ಸಣ್ಣದಲ್ಲ, ಏಕೆಂದರೆ ಅದು ಅವರ ಹನ್ನೆರಡು ವರ್ಷಗಳ ದುಡಿಮೆಯನ್ನೇ ಅಳಿಸಿಬಿಡುತ್ತದೆ. 1943ರಿಂದಲೇ ಅವರು ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸ್ಥಳೀಯ ಶಾಖೆಯ ಕಾರ್ಯದರ್ಶಿಯಾಗಿದ್ದರು. ರೇಸಿ ಟೇಲರ್ ಎಂಬ ಕಪ್ಪು ಮಹಿಳೆಯ ಮೇಲೆ 1944ರಲ್ಲಿ ಬಿಳಿಯರು ಸಾಮೂಹಿಕ ಅತ್ಯಾಚಾರ ನಡೆಸಿದಾಗ, ಮಾಹಿತಿ ಕಲೆಹಾಕಲು ಆಕೆಯ ಊರಿಗೆ ಹೋದವರು ಇವರೇ. 1955ರ ಬೇಸಿಗೆಯಲ್ಲಿ ಟೆನೆಸ್ಸಿಯ ಹೈಲ್ಯಾಂಡರ್ ಶಾಲೆಯಲ್ಲಿ, ವರ್ಣಭೇದವನ್ನು ಕೊನೆಗಾಣಿಸುವ ಬಗೆಗಿನ ಶಿಬಿರದಲ್ಲೂ ಪಾಲ್ಗೊಂಡಿದ್ದರು. ಇಷ್ಟೆಲ್ಲ ತಿಳಿದು, ಪರಿಣಾಮವನ್ನೂ ಬಲ್ಲ ಮಹಿಳೆ ಕೈಗೊಂಡ ನಿರ್ಧಾರವನ್ನು ಆಯಾಸದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಮೊದಲಿಗರೂ ಅವರಲ್ಲ. ಅದೇ ವರ್ಷದ ಮಾರ್ಚ್ 2ರಂದು 15 ವರ್ಷದ ಕ್ಲಾಡೆಟ್ ಕಾಲ್ವಿನ್ ಇದೇ ಕಾರಣಕ್ಕೆ ಬಂಧಿತಳಾಗಿದ್ದಳು. ಕಪ್ಪು ಜನರು ಬಸ್ಸು ಹತ್ತದೇ ಇರುವ ಬಹಿಷ್ಕಾರದ ಯೋಚನೆಯೂ ಹಳೆಯದೇ: ಅಂಥದ್ದು ನಡೆಯಬಹುದೆಂದು ಊರಿನ ಕಪ್ಪು ಮಹಿಳೆಯರ ಸಂಘಟನೆಯಾದ ಮಹಿಳಾ ರಾಜಕೀಯ ಮಂಡಳಿಯ ಜೋ ಆ್ಯನ್ ರಾಬಿನ್ಸನ್ 1954ರ ಮೇ ತಿಂಗಳಲ್ಲಿಯೇ ಮೇಯರ್‌ಗೆ ಪತ್ರ ಬರೆದು ಎಚ್ಚರಿಸಿದ್ದರು. ಪಾರ್ಕ್ಸ್ ಬಂಧನದ ರಾತ್ರಿ ಬಹಿಷ್ಕಾರಕ್ಕೆ ಕರೆಕೊಡುವ ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿಸಿದವರೂ ರಾಬಿನ್ಸನ್ ಅವರೇ. ಡಿಸೆಂಬರ್ 5ರಂದು ಬಸ್ಸುಗಳು ಖಾಲಿ ಓಡಿದವು. ಅಂದೇ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಹೋರಾಟದ ಅಧ್ಯಕ್ಷರಾದರು.

ಇಲ್ಲಿ ಯಾರೂ ಕೇಳದ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದ ಪ್ರಶ್ನೆಯೊಂದಿದೆ: ಬಹಿಷ್ಕಾರ ನಡೆದ 381 ದಿನ ಇವರೆಲ್ಲ ಕೆಲಸಕ್ಕೆ ಹೋದದ್ದು ಹೇಗೆ? ಬಸ್ಸಿನ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ. ಅನೇಕರು ಬಿಳಿಯರ ಮನೆಗಳಲ್ಲಿ ಅಡುಗೆ, ಮನೆಗೆಲಸ ಮಾಡುತ್ತಿದ್ದ ಹೆಂಗಸರು. ಹಲವರು ಮೈಲಿಗಟ್ಟಲೆ ನಡೆದರು. ಉಳಿದವರಿಗಾಗಿ, ನಿಗದಿತ ಸ್ಥಳಗಳಿಂದ ಹತ್ತಿಸಿಕೊಂಡು ಹೋಗುವ ಕಾರುಗಳ ವ್ಯವಸ್ಥೆಯನ್ನು ಚರ್ಚುಗಳ ಬಲದಿಂದ ಕಟ್ಟಲಾಯಿತು. ಪೊಲೀಸರು ಚಾಲಕರಿಗೆ ಸಣ್ಣಪುಟ್ಟ ನೆಪಕ್ಕೂ ದಂಡ ಹಾಕಿದರು, ವಿಮಾ ಕಂಪನಿಗಳು ವಾಹನಗಳ ವಿಮೆಯನ್ನು ರದ್ದುಪಡಿಸಿದವು. ಪೆಟ್ರೋಲಿನ ಖರ್ಚಿಗೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ಗೆಳತಿಯರನ್ನು ಸೇರಿಸಿಕೊಂಡು ಕೇಕು, ಊಟ ಮಾರಿ ಹಣ ತಂದುಕೊಟ್ಟರು. ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುತ್ತಿತ್ತಾದ್ದರಿಂದ ಆ ಹೆಸರುಗಳನ್ನು ಗುಟ್ಟಾಗಿಟ್ಟರು.

ಬಸ್ಸಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಸೀಟು ಎನ್ನುವ ಕಾನೂನನ್ನು ಕೊನೆಗೆ ಬದಲಿಸಿದ್ದೂ ಪಾರ್ಕ್ಸ್ ಅವರ ಮೊಕದ್ದಮೆಯಲ್ಲ. ಅವರ ಮೇಲ್ಮನವಿ ರಾಜ್ಯದ ನ್ಯಾಯಾಲಯದಲ್ಲಿ ಸಿಕ್ಕಿಹಾಕಿಕೊಳ್ಳಬಹುದೆಂದು ವಕೀಲ ಫ್ರೆಡ್ ಗ್ರೇ ಫೆಡರಲ್ ನ್ಯಾಯಾಲಯದಲ್ಲಿ ಬೇರೆಯೇ ದಾವೆ ಹೂಡಿದರು. ಅದನ್ನು ಗೆದ್ದವರು ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಅದೇ ಹುಡುಗಿ ಕ್ಲಾಡೆಟ್. ಸುಪ್ರೀಂ ಕೋರ್ಟ್ 1956ರ ನವೆಂಬರ್ 13ರಂದು ಆ ತೀರ್ಪನ್ನು ಎತ್ತಿಹಿಡಿಯಿತು, ಡಿಸೆಂಬರ್ 21ರಂದು ಬಸ್ಸುಗಳ ಎಲ್ಲ ಸೀಟುಗಳೂ ಎಲ್ಲರಿಗೂ ತೆರೆದವು.